ಏಳದ ರಟ್ಟೆ, ಮೂರು ಸಿಟ್ಟಿಂಗಿನ ಪ್ಯಾಕೇಜು

ನಮ್ಮ ಸೇಡಂ, ಚಿಂಚೋಳಿ ಕಡೆ ಭುಜದ ನೋವಿಗೆ ‘ರಟ್ಟಿ ಬ್ಯಾನಿ’ ಅಂತಾರೆ. ಬ್ಯಾನಿ ಅಂದರೆ ಬೇನೆ. ಡಾಕ್ಟರ ಚೀಟಿಯಲ್ಲಿ ಅದೇ ‘ಪಿ.ಎ. ಶೋಲ್ಡರ್’ ಆಗುತ್ತದೆ. ಈಚೆಗೆ ಇವೆರಡರ ಜೊತೆ ಮೂರನೆಯ ಮಾತೊಂದು ಬಂದು ಸೇರಿಕೊಂಡಿದೆ: ‘ರೀಜನರೇಟಿವ್ ಟ್ರೀಟ್‌ಮೆಂಟ್’. ಆಪರೇಷನ್ ಬೇಡ, ನಿಮ್ಮದೇ ರಕ್ತ, ಸವೆದ ಕೀಲು ಮತ್ತೆ ಚಿಗುರುತ್ತದೆ ಅನ್ನೋ ಧಾಟಿಯ ಜಾಹೀರಾತುಗಳು ನನ್ನ ಮೊಬೈಲಿಗೂ ಬರುತ್ತವೆ, ಊರಲ್ಲಿ ಅಪ್ಪನ ಮೊಬೈಲಿಗೂ ಬರುತ್ತವೆ.

ಭುಜ ನೋಯಲು ನಮ್ಮ ಕಡೆ ಕಾರಣಗಳಿಗೆ ಬರವಿಲ್ಲ. ಶಹಾಬಾದಿನ ಕಲ್ಲು ಹಾಸದ ಮನೆ ಈ ಭಾಗದಲ್ಲಿ ಹುಡುಕಿದರೂ ಸಿಗೋದು ಕಷ್ಟ. ಆ ಕಲ್ಲನ್ನು ಗಣಿಯಿಂದ ಎಬ್ಬಿಸುವವರು, ಕತ್ತರಿಸುವವರು, ಲಾರಿಗೆ ಏರಿಸುವವರು ಎಲ್ಲರೂ ದುಡಿಯೋದು ಹೆಗಲಿನಿಂದಲೇ. ವಾಡಿ, ಮಳಖೇಡ, ಸೇಡಂನಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಒಂದು ಚೀಲಕ್ಕೆ 50 ಕಿಲೋ. ಚಿತ್ತಾಪುರದಿಂದ ಚಿಂಚೋಳಿಯವರೆಗೆ ಹೊಲದ ತುಂಬ ತೊಗರಿ, ಅದನ್ನು ಕೊಯ್ದು ಹೊರೆ ಹೊರಬೇಕು. ಇನ್ನು ಮನೆಯೊಳಗೆ ದಿನಕ್ಕೆ ಇಪ್ಪತ್ತು ಮೂವತ್ತು ಜೋಳದ ರೊಟ್ಟಿ ಬಡಿಯುವ ಹೆಂಗಸರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಕಳೆದ ವರ್ಷ ನಮ್ಮ ಮನೆತನದಲ್ಲೇ ಮೂರು ಕೈ ಒಟ್ಟಿಗೆ ಕೆಟ್ಟವು. ಅವ್ವನಿಗೆ 58, ಹನ್ನೊಂದು ವರ್ಷದಿಂದ ಶುಗರ್ ಇದೆ. ಅವಳ ಎಡಭುಜ ಹಿಡಿದುಕೊಂಡಿತು. ಶಹಾಬಾದಿನಲ್ಲಿ ಕಲ್ಲಿನ ಕೆಲಸ ಮಾಡುವ ಕಾಕಾನಿಗೆ ಬಲಭುಜ. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂಡುವ ನನಗೆ ಮೊಣಕೈ. ಹೆಸರು ‘ಟೆನಿಸ್ ಎಲ್ಬೋ’. ಟೆನಿಸ್ ಬ್ಯಾಟನ್ನು ನಾನು ಕೈಯಲ್ಲಿ ಹಿಡಿದಿದ್ದೇ ಇಲ್ಲ, ಆ ಮಾತು ಬೇರೆ.

ಅವ್ವನದು ಮೊದಲು ಸಣ್ಣ ನೋವು. ಎರಡು ತಿಂಗಳಲ್ಲಿ ಆ ಮಗ್ಗುಲಿಗೆ ಮಲಗೋದೇ ಆಗದ ಹಾಗಾಯಿತು. “ಕೈ ಹಿಂದಕ್ಕ ಹೋಗವಲ್ದು, ಸೆರಗ ಹೊದ್ಕೊಳ್ಳಾಕ ಬರವಲ್ದು” ಅಂತ ಫೋನಿನಲ್ಲಿ ಹೇಳಿದಳು. ಜಾಹೀರಾತು ನೋಡಿದ ಅಪ್ಪ ಹೈದರಾಬಾದಿನ ಒಂದು ಕ್ಲಿನಿಕ್ಕಿಗೆ ಫೋನ್ ಹಚ್ಚಿ ಎಲ್ಲಾ ವಿಚಾರಿಸಿಟ್ಟಿದ್ದರು. ಮೂರು ಸಿಟ್ಟಿಂಗು, 75 ಸಾವಿರ ರೂಪಾಯಿ, ಮುಂಗಡ ಕಟ್ಟಿದರೆ ರಿಯಾಯಿತಿ. ಭುಜವನ್ನು ಒಬ್ಬರೂ ಮುಟ್ಟಿ ನೋಡಿರಲಿಲ್ಲ, ಪ್ಯಾಕೇಜು ಮಾತ್ರ ಗೊತ್ತಾಗಿತ್ತು. ತೊಗರಿ ಮಾರಿದ ಹಣ ಬ್ಯಾಂಕಿನಲ್ಲಿತ್ತು. ಬಿತ್ತನೆಗೂ ತಂಗಿಯ ಕೊನೆಯ ವರ್ಷದ ಫೀಸಿಗೂ ಇಟ್ಟದ್ದು ಅದು. ನಾನು ಹದಿನೈದು ದಿನ ತಡೀರಿ ಅಂದೆ. “ರೊಕ್ಕದ ಮಾರಿ ನೋಡಬ್ಯಾಡ, ನಿಮ್ಮವ್ವ ರಾತ್ರಿ ಪೂರಾ ಮಲಗವಲ್ಲಳು” ಅಂದರು. ಅವರ ಮಾತು ಸುಳ್ಳಾಗಿರಲಿಲ್ಲ. ಆ ಹದಿನೈದು ದಿನ, ಆಮೇಲೂ ಹಲವು ತಿಂಗಳು, ನಾನು ಓದಿದ್ದು ಇದನ್ನೇ. ನಾನು ಡಾಕ್ಟರಲ್ಲ. ಒಂದು ಬದಲಾವಣೆ ನಿಜಕ್ಕೂ ಕೆಲಸ ಮಾಡಿತೋ ಇಲ್ಲವೋ ಅಂತ ಅಳೆದು ನೋಡೋದು ನನ್ನ ಹೊಟ್ಟೆಪಾಡಿನ ಕೆಲಸ. ಇಲ್ಲೂ ಅದನ್ನೇ ಮಾಡಿದೆ.

ಮೊದಲು ಭುಜದ ರಚನೆ ನೋಡಿ. ಚಮಚದ ಮೇಲೆ ಲಿಂಬೆಹಣ್ಣು ಇಟ್ಟುಕೊಂಡು ಓಡುವ ಆಟ ನೆನಪಿದೆಯಲ್ಲ? ಭುಜದ ಕೀಲು ಹೆಚ್ಚುಕಡಿಮೆ ಹಾಗೇ: ತೋಳಿನ ಮೂಳೆಯ ದೊಡ್ಡ ಗುಂಡು, ಅದಕ್ಕೆ ಒಂದು ಚಿಕ್ಕ, ಆಳವಿಲ್ಲದ ತಟ್ಟೆ. ಹಣ್ಣು ಬೀಳದಂತೆ ಹಿಡಿದಿರೋದು ಸುತ್ತಲಿನ ನಾಲ್ಕು ಸ್ನಾಯುಗಳು ಮತ್ತು ಅವುಗಳ ನರದಂಥ ಬಿಗಿಪಟ್ಟಿಗಳು. ಇವಕ್ಕೆ ಒಟ್ಟಾಗಿ ‘ರೊಟೇಟರ್ ಕಫ್’ ಅಂತ ಹೆಸರು. ಇದರೊಳಗೆ ಕೀಲನ್ನು ಸುತ್ತಿದ ತೆಳು ಚೀಲ ಒಂದಿದೆ. ಆ ಚೀಲಕ್ಕೆ ಉರಿಯೂತ ಬಂದು ದಪ್ಪಗಾಗಿ ಕುಗ್ಗಿಬಿಟ್ಟರೆ ಅದು ‘ಫ್ರೋಜನ್ ಶೋಲ್ಡರ್’. ಈ ಹೆಸರು ಕೊಟ್ಟವನು ಅಮೆರಿಕದ ಡಾಕ್ಟರ್ ಅರ್ನೆಸ್ಟ್ ಕಾಡ್‌ಮನ್, 1934ರಲ್ಲಿ. ಆಯುರ್ವೇದದವರು ಇಂಥ ಲಕ್ಷಣಗಳನ್ನು ‘ಅವಬಾಹುಕ’ ಅನ್ನುತ್ತಾರೆ.

ಎರಡಕ್ಕೂ ನೋವು ಒಂದೇ ಜಾಗದಲ್ಲಿ. ಆದರೆ ಬೇನೆ ಬೇರೆ, ಮದ್ದು ಬೇರೆ. ಕಲಬುರಗಿಯ ಮೂಳೆ ಡಾಕ್ಟರು ಅವ್ವನ ಮೊಣಕೈಯನ್ನು ಪಕ್ಕೆಗೆ ಒತ್ತಿಸಿ, ಮುಂಗೈಯನ್ನು ಹೊರಕ್ಕೆ ತಿರುಗಿಸು ಅಂದರು. ಆಗಲಿಲ್ಲ. ಆಮೇಲೆ ಅವರೇ ಹಿಡಿದು ತಿರುಗಿಸಲು ನೋಡಿದರು, ಆಗಲೂ ಕದಲಲಿಲ್ಲ. ತಾನಾಗಿ ತಿರುಗಿಸಿದರೂ ಆಗದೆ, ಬೇರೆಯವರು ತಿರುಗಿಸಿದರೂ ಆಗದೆ, ಎಕ್ಸ್‌ರೇಯಲ್ಲಿ ಮೂಳೆ ಸರಿಯಿದ್ದರೆ ಅದು ಬಹುಪಾಲು ಫ್ರೋಜನ್ ಶೋಲ್ಡರ್. ತಾನು ಎತ್ತಲಾಗದೆ, ಬೇರೆಯವರು ಎತ್ತಿದರೆ ಮೇಲೆ ಹೋಗುವುದಾದರೆ ಅನುಮಾನ ರೊಟೇಟರ್ ಕಫ್ ಮೇಲೆ. ಕುತ್ತಿಗೆಯ ನರ ಒತ್ತಿದ್ದರೆ ನೋವು ಮೊಣಕೈ ದಾಟಿ ಬೆರಳಿಗೆ ಜುಮುಜುಮು ಇಳಿಯುತ್ತದೆ. ಎರಡು ನಿಮಿಷದ ಈ ಪರೀಕ್ಷೆ ಆಗದೆ ಯಾರಾದರೂ ಸೂಜಿಯ ರೇಟು ಹೇಳಿದರೆ ಫೋನ್ ಇಟ್ಟುಬಿಡಿ.

“ರೊಟ್ಟಿ ಬಡದ್ ಬಡದ್ ಹಿಂಗ ಆಗ್ಯಾದ” ಅನ್ನೋದು ಅವ್ವನ ತೀರ್ಮಾನ. ಡಾಕ್ಟರು ಕೇಳಿದ್ದು ಮಾತ್ರ ಶುಗರ್ ಮತ್ತು ಥೈರಾಯ್ಡ್ ಬಗ್ಗೆ. ಫ್ರೋಜನ್ ಶೋಲ್ಡರ್ 100 ಜನರಲ್ಲಿ 2ರಿಂದ 5 ಮಂದಿಗೆ ಬರುವ ಬೇನೆ, ಅದೂ ಹೆಚ್ಚಾಗಿ 40ರಿಂದ 60ರ ವಯಸ್ಸಿನಲ್ಲಿ, ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಶುಗರ್ ಇದ್ದವರಲ್ಲಿ ಅದು 10ರಿಂದ 20 ಮಂದಿಗೆ ಏರುತ್ತದೆ. ಐ.ಸಿ.ಎಂ.ಆರ್. ಅಧ್ಯಯನದ ಪ್ರಕಾರ ದೇಶದಲ್ಲಿ ಶುಗರ್ ಇರುವವರು 10 ಕೋಟಿಗೂ ಹೆಚ್ಚು. ಈ ಎರಡು ಲೆಕ್ಕ ಜೋಡಿಸಿ ನೋಡಿ, ಭುಜದ ಜಾಹೀರಾತು ಇಷ್ಟೊಂದು ಯಾಕೆ ಅಂತ ತಿಳಿಯುತ್ತದೆ. ಅವ್ವನ ಮೂರು ತಿಂಗಳ ಸರಾಸರಿ ಶುಗರ್, ಅಂದರೆ ಎಚ್‌ಬಿಎ1ಸಿ, ಆಗ 9.4 ಇತ್ತು.

ಇನ್ನು ಆ ಸೂಜಿಯ ವಿಷಯ. ಹೆಚ್ಚಿನ ಕಡೆ ರೀಜನರೇಟಿವ್ ಅಂದರೆ ಪಿ.ಆರ್.ಪಿ. ಡೆಂಗಿ ಬಂದಾಗ ‘ಪ್ಲೇಟ್‌ಲೆಟ್ ಎಷ್ಟಿದೆ’ ಅಂತ ನಾವೆಲ್ಲ ಕೇಳುತ್ತೇವಲ್ಲ, ಅದೇ ಪ್ಲೇಟ್‌ಲೆಟ್. ಗಾಯವಾದ ಕಡೆ ರಕ್ತ ಹೆಪ್ಪುಗಟ್ಟಿಸೋದಷ್ಟೇ ಅಲ್ಲ, ಗಾಯ ಮಾಯಲು ಬೇಕಾದ ಬೆಳವಣಿಗೆಯ ಅಂಶಗಳನ್ನೂ ಅವು ಹೊತ್ತಿರುತ್ತವೆ. ನಿಮ್ಮ ತೋಳಿನಿಂದ ಸ್ವಲ್ಪ ರಕ್ತ ತೆಗೆದು, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ, ಕೆಂಪು ಕಣ ಬೇರೆ ಮಾಡಿ, ಪ್ಲೇಟ್‌ಲೆಟ್ ದಟ್ಟವಾಗಿರುವ ಹಳದಿ ದ್ರವವನ್ನು ಕೆಲವೇ ಮಿಲಿ ಲೀಟರ್ ನೋವಿರುವ ಜಾಗಕ್ಕೆ ಚುಚ್ಚುತ್ತಾರೆ. ಯೋಚನೆ ಚಂದ ಇದೆ. ನಿಮ್ಮದೇ ರಕ್ತವಾದ್ದರಿಂದ ಅಲರ್ಜಿಯ ಭಯವೂ ಕಡಿಮೆ. ಆದರೆ ಯಂತ್ರ ಎಷ್ಟು ಹೊತ್ತು ತಿರುಗಬೇಕು, ಬಿಳಿ ಕಣ ಇರಬೇಕೋ ಬೇಡವೋ, ಎಷ್ಟು ಪಟ್ಟು ದಟ್ಟವಾಗಬೇಕು ಅನ್ನೋದು ಒಂದು ಕಡೆ ಇದ್ದಂತೆ ಇನ್ನೊಂದು ಕಡೆ ಇಲ್ಲ. ಒಂದೇ ಹೆಸರಿನ ಬಾಟಲಿಯಲ್ಲಿ ಬೇರೆ ಬೇರೆ ಮದ್ದು ಅಂದಂಗಾಯ್ತು.

ಕೆಲಸ ಮಾಡುತ್ತಾ? ನನ್ನ ಮೊಣಕೈ ಬೇನೆಯ ಮೇಲೆ ಇದರ ಪರೀಕ್ಷೆ ಬೇಕಾದಷ್ಟು ನಡೆದಿದೆ. 2010ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ 100 ಟೆನಿಸ್ ಎಲ್ಬೋ ರೋಗಿಗಳಲ್ಲಿ ಅರ್ಧ ಜನಕ್ಕೆ ಪಿ.ಆರ್.ಪಿ., ಉಳಿದವರಿಗೆ ಸ್ಟೀರಾಯ್ಡ್ ಕೊಟ್ಟರು. ಒಂದು ವರ್ಷದ ನಂತರ ಪಿ.ಆರ್.ಪಿ. ಪಡೆದವರಲ್ಲಿ ಶೇ. 73, ಸ್ಟೀರಾಯ್ಡ್ ಪಡೆದವರಲ್ಲಿ ಶೇ. 49 ಮಂದಿಗೆ ನೋವು ಸಾಕಷ್ಟು ಇಳಿದಿತ್ತು. ಇಷ್ಟು ಓದಿದರೆ ಯಾರಾದರೂ ದುಡ್ಡು ಕಟ್ಟಿಯೇ ಬಿಡುತ್ತಾರೆ. ಆದರೆ ಇದರ ಪಕ್ಕದಲ್ಲಿ 2013ರ ಆಸ್ಟ್ರೇಲಿಯಾದ 165 ರೋಗಿಗಳ ಅಧ್ಯಯನ ಇಟ್ಟು ನೋಡಿ. ಅಲ್ಲಿ ಸ್ಟೀರಾಯ್ಡನ್ನು ಬರೀ ಉಪ್ಪುನೀರಿನ ಸೂಜಿಯ ಜೊತೆ ಹೋಲಿಸಿದರು. ಒಂದು ವರ್ಷಕ್ಕೆ ಉಪ್ಪುನೀರಿನವರಲ್ಲಿ ಶೇ. 96 ಮಂದಿ ಚೇತರಿಸಿಕೊಂಡಿದ್ದರೆ ಸ್ಟೀರಾಯ್ಡ್‌ನವರಲ್ಲಿ ಶೇ. 83. ನೋವು ಮರುಕಳಿಸಿದ್ದು ಉಪ್ಪುನೀರಿನವರಲ್ಲಿ ಶೇ. 12, ಸ್ಟೀರಾಯ್ಡ್‌ನವರಲ್ಲಿ ಶೇ. 54! ಅಂದರೆ ಮೊಣಕೈಗೆ ಸ್ಟೀರಾಯ್ಡೇ ಸುಮ್ಮನಿರೋದಕ್ಕಿಂತ ಕಡೆ. ಅದನ್ನು ಓಟದಲ್ಲಿ ಸೋಲಿಸಿದ ಮಾತ್ರಕ್ಕೆ ಪಿ.ಆರ್.ಪಿ. ಗೆದ್ದಿತು ಅನ್ನಲಾಗದು. ಪಿ.ಆರ್.ಪಿ.ಯನ್ನೇ ಹುಸಿ ಸೂಜಿಯ ಜೊತೆ ಹೋಲಿಸಿದ್ದನ್ನೂ ಸೇರಿಸಿ 32 ಅಧ್ಯಯನ ತೂಗಿ ನೋಡಿದ ಕಾಕ್ರೇನ್ ತಂಡ 2021ರಲ್ಲಿ ಹೇಳಿದ್ದು: ಮೊಣಕೈ ನೋವಿಗೆ ಇದರಿಂದ ಹೇಳಿಕೊಳ್ಳುವಂಥ ಲಾಭ ಬಹುಶಃ ಇಲ್ಲ.

ನನ್ನ ಮೊಣಕೈಗೆ ನಾನು ಚುಚ್ಚಿಸಿಕೊಳ್ಳಲಿಲ್ಲ. ಮೌಸ್ ಬದಲಿಸಿದೆ, ಫಿಸಿಯೋ ಹೇಳಿದ ಎರಡು ವ್ಯಾಯಾಮ ಮಾಡಿದೆ, ಎಂಟು ತಿಂಗಳಿಗೆ ನೋವು ಹೋಯಿತು. ಇಲ್ಲೇ ಒಂದು ಮೋಜು ಇದೆ. ನಾಲ್ಕನೇ ತಿಂಗಳು ನಾನು 40 ಸಾವಿರ ಕೊಟ್ಟು ಸೂಜಿ ಹಾಕಿಸಿಕೊಂಡಿದ್ದರೂ ಎಂಟನೇ ತಿಂಗಳಿಗೆ ನೋವು ಹೋಗುತ್ತಿತ್ತು, ಮತ್ತೆ ನಾನು ಆ ಕ್ಲಿನಿಕ್ಕಿಗೆ ಐದು ಸ್ಟಾರ್ ಕೊಡುತ್ತಿದ್ದೆ. ತಾನಾಗಿ ವಾಸಿಯಾಗುವ ಬೇನೆಯಲ್ಲಿ ಹೆಸರು ಬರೋದು ಕೊನೆಗೆ ಮುಟ್ಟಿದವರಿಗೆ.

ಭುಜದ ಕಥೆ ಇಷ್ಟು ಸ್ಪಷ್ಟ ಇಲ್ಲ. ಫ್ರೋಜನ್ ಶೋಲ್ಡರಿಗೆ ಪಿ.ಆರ್.ಪಿ. ಒಳ್ಳೇದು ಅನ್ನುವ ಅಧ್ಯಯನಗಳಿವೆ, ಅವುಗಳಲ್ಲಿ ಕೆಲವು ನಮ್ಮ ದೇಶದವೇ. ಆದರೆ ಬಹಳಷ್ಟು ಸಣ್ಣವು, ಹೋಲಿಕೆಯೂ ಹೆಚ್ಚಾಗಿ ಸ್ಟೀರಾಯ್ಡ್ ಜೊತೆಗೇ. ಶುಗರ್ ಬಹಳ ಏರುಪೇರು ಇದ್ದು ಸ್ಟೀರಾಯ್ಡ್ ಬೇಡ ಅಂತ ಡಾಕ್ಟರು ಹೇಳಿದವರಿಗೆ ಇದು ಒಂದು ಆಯ್ಕೆ ಆಗಬಹುದು ಅನ್ನೋದು ನನಗೂ ಒಪ್ಪಿಗೆ. ‘ಕೀಲು ಚಿಗುರುತ್ತದೆ’ ಅನ್ನೋದಕ್ಕೆ ಮಾತ್ರ ಒಪ್ಪಿಗೆ ಇಲ್ಲ. ಫ್ರೋಜನ್ ಶೋಲ್ಡರಿನಲ್ಲಿ ಚಿಗುರಬೇಕಾದ್ದು ಏನೂ ಇಲ್ಲ. ಅಲ್ಲಿ ಚೀಲ ಸವೆದಿಲ್ಲ, ದಪ್ಪಗಾಗಿದೆ.

ಸ್ಟೆಮ್ ಸೆಲ್ ಅಂತ ಹೇಳಿ ಲಕ್ಷದ ಲೆಕ್ಕ ಹಾಕುವವರೂ ಇದ್ದಾರೆ. ಇಲ್ಲಿ ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ವರ್ಷಗಟ್ಟಲೆ ಪ್ರಯೋಗ ನಡೆಸಿ, ದಾನಿಗಳ ಅಸ್ಥಿಮಜ್ಜೆಯ ಕೋಶಗಳಿಂದ ಮಾಡಿದ ಮದ್ದಿಗೆ 2022ರಲ್ಲಿ ಕೇಂದ್ರ ಔಷಧ ನಿಯಂತ್ರಕರ ಒಪ್ಪಿಗೆ ಪಡೆಯಿತು. ಅದು ಮೊಣಕಾಲಿನ ಸವೆತಕ್ಕೆ, ಭುಜಕ್ಕಲ್ಲ. ಒಂದು ಕೀಲಿಗೆ ಒಪ್ಪಿಗೆ ಸಿಗಲು ಇಷ್ಟು ದಾರಿ ನಡೆಯಬೇಕು. ಐ.ಸಿ.ಎಂ.ಆರ್.ನ 2017ರ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ: ಒಪ್ಪಿಗೆಯಿಲ್ಲದ ಕಾಯಿಲೆಗೆ ಸ್ಟೆಮ್ ಸೆಲ್ ಕೊಡೋದಾದರೆ ಅದು ಅನುಮತಿ ಪಡೆದ ಪ್ರಯೋಗದಲ್ಲೇ ಆಗಬೇಕು. ಹಾಗೆ ಯಾರಾದರೂ ಭುಜಕ್ಕೆ ಅಂದರೆ ಪ್ರಯೋಗದ ನೋಂದಣಿ ಸಂಖ್ಯೆ ಕೇಳಿ.

ಹಾಗಾದರೆ ಅವ್ವನಿಗೆ ಏನು ಮಾಡಿದೆವು? ಬ್ರಿಟನ್ನಿನಲ್ಲಿ 503 ಫ್ರೋಜನ್ ಶೋಲ್ಡರ್ ರೋಗಿಗಳನ್ನು ಮೂರು ಗುಂಪು ಮಾಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ದೂರ್ಬೀನು ಆಪರೇಷನ್, ಇನ್ನೊಂದಕ್ಕೆ ಅರಿವಳಿಕೆ ಕೊಟ್ಟು ಭುಜ ಸಡಿಲಿಸೋದು, ಮೂರನೆಯದಕ್ಕೆ ಒಂದು ಸ್ಟೀರಾಯ್ಡ್ ಸೂಜಿ ಮತ್ತು ಫಿಸಿಯೋಥೆರಪಿ. ವರ್ಷದ ಕೊನೆಗೆ ರೋಗಿಗೆ ಅನುಭವಕ್ಕೆ ಬರುವಷ್ಟು ವ್ಯತ್ಯಾಸ ಯಾವುದರಲ್ಲೂ ಇರಲಿಲ್ಲ. ಡಾಕ್ಟರು ಮೂರನೆಯ ದಾರಿಯನ್ನೇ ಹೇಳಿದರು, ಆದರೆ ಮೊದಲು ಶುಗರ್ ಇಳಿಸಿ ಅಂದರು. ಇಳಿಸಲು ಒಂದೂವರೆ ತಿಂಗಳು ಹಿಡಿಯಿತು. ಸೂಜಿ ಹಾಕಿದ ಮೇಲೆ ಕೆಲವು ದಿನ ಶುಗರ್ ಏರುತ್ತದೆ ಅಂತ ಮೊದಲೇ ಎಚ್ಚರಿಸಿದ್ದರು, ಏರಿತು, ಇಳಿಯಿತು. ರಾತ್ರಿಯ ನೋವು ಬೇಗ ಕಡಿಮೆಯಾಯಿತು. ಈ ಸೂಜಿ ಚಿಗುರಿಸುವುದೂ ಇಲ್ಲ, ಗುಣಪಡಿಸುವುದೂ ಇಲ್ಲ. ವ್ಯಾಯಾಮ ಮಾಡುವಷ್ಟು ನೋವು ತಗ್ಗಿಸಿ ಕೊಡುತ್ತದೆ. ಅದನ್ನೂ ಮತ್ತೆ ಮತ್ತೆ ಹಾಕಿಸಬಾರದು.

ಆಮೇಲೆ ಮನೆಯ ವ್ಯಾಯಾಮ. ಮುಂದಕ್ಕೆ ಬಾಗಿ, ಒಳ್ಳೆಯ ಕೈಯನ್ನು ಮಂಚದ ಮೇಲೆ ಊರಿ, ಬೇನೆಯ ಕೈಯನ್ನು ತೊಟ್ಟಿಲ ಹಾಗೆ ತೂಗಿಬಿಡೋದು. ಇದು ಅದೇ ಕಾಡ್‌ಮನ್ ಹೇಳಿಕೊಟ್ಟದ್ದು. ಗೋಡೆಗೆ ಬೆರಳು ಇಟ್ಟು ಮೇಲೆ ಮೇಲೆ ನಡೆಸೋದು. ಬೆನ್ನ ಹಿಂದೆ ಟವೆಲ್ ಹಿಡಿದು ಒಳ್ಳೆಯ ಕೈಯಿಂದ ಮೇಲಕ್ಕೆ ಎಳೆಯೋದು. ಮೊದಲು ಹತ್ತು ನಿಮಿಷ ಬಿಸಿನೀರಿನ ಶಾಖ. ತಂಗಿ ಅಡುಗೆಮನೆ ಗೋಡೆಯ ಮೇಲೆ ವಾರಕ್ಕೊಂದು ಸಾರಿ ಸೀಮೆಸುಣ್ಣದಲ್ಲಿ ಗೆರೆ ಎಳೆದು ತಾರೀಖು ಬರೆದಳು. ಕೆಲವು ವಾರ ಗೆರೆ ಮೇಲೆ ಹೋಗಲೇ ಇಲ್ಲ, ಒಂದು ವಾರ ಕೆಳಗೆ ಬಂತು. ಏಳನೇ ತಿಂಗಳಿಗೆ ಅವ್ವನ ಬೆರಳು ಮೇಲಿನ ಮಾಡದ ಉಪ್ಪಿನಕಾಯಿ ಭರಣಿಗೆ ಸಿಕ್ಕಿತು. ಬೆನ್ನ ಹಿಂದೆ ಕೈ ಇನ್ನೂ ಪೂರ್ತಿ ಹೋಗುವುದಿಲ್ಲ. ಇದು ವ್ಯಾಯಾಮದಿಂದ ಎಷ್ಟು, ಸೂಜಿಯಿಂದ ಎಷ್ಟು, ಕಾಲದಿಂದ ಎಷ್ಟು ಅಂತ ಒಬ್ಬಳ ಭುಜ ನೋಡಿ ಹೇಳಲು ಬರುವುದಿಲ್ಲ. ಈ ಬೇನೆ ಒಂದರಿಂದ ಮೂರು ವರ್ಷ ಓಡಾಡಿ ನಿಧಾನಕ್ಕೆ ಬಿಡುವಂಥದ್ದು. 75 ಸಾವಿರ ಮಾತ್ರ ಬ್ಯಾಂಕಿನಲ್ಲೇ ಇತ್ತು. ಬಿತ್ತನೆಯೂ ಆಯಿತು, ಫೀಸೂ ಹೋಯಿತು.

ಊರು ದೂರ ಇರೋದರ ಮಾತು ಹೇಳಲೇಬೇಕು. ಚಿಂಚೋಳಿಗೆ ರೈಲಿಲ್ಲ. ಸೇಡಂ, ಚಿತ್ತಾಪುರದವರಿಗೆ ರೈಲಿದೆ, ಆದರೆ ವಾರಕ್ಕೆ ಮೂರು ಸಲ ಫಿಸಿಯೋಗೆ ಅಂತ ಕಲಬುರಗಿಗೆ ಹೋಗಿ ಬರಲು ಯಾರ ಕೂಲಿ ಬಿಡುತ್ತದೆ? ಇಲ್ಲೊಂದು ಸಮಾಧಾನ ಇದೆ. ರೊಟೇಟರ್ ಕಫ್ ನೋವಿನ 708 ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2021ರಲ್ಲಿ ಹೊರಬಂದ ಅಧ್ಯಯನದಲ್ಲಿ, ಫಿಸಿಯೋ ಹತ್ತಿರ ಆರು ಸಲದವರೆಗೆ ಹೋದವರಿಗೂ, ಒಂದೇ ಒಂದು ಸಲ ಹೋಗಿ ಚೆನ್ನಾಗಿ ಕಲಿತು ಮನೆಯಲ್ಲಿ ಮಾಡಿಕೊಂಡವರಿಗೂ ವರ್ಷದ ಕೊನೆಗೆ ಹೆಚ್ಚುಕಡಿಮೆ ಒಂದೇ ಫಲ. ಒಂದು ಒಳ್ಳೆಯ ಭೇಟಿ, ಮೊಬೈಲಿನಲ್ಲಿ ಅದರ ವಿಡಿಯೋ, ಮನೆಯಲ್ಲಿ ನೆನಪಿಸುವ ಒಬ್ಬರು. ನಮ್ಮ ಹಳ್ಳಿಗಳಿಗೆ ಇದು ಹೊಂದುತ್ತದೆ. ಕಲಬುರಗಿಯ ಜಿಮ್ಸ್‌ನಲ್ಲಿ, ಕಾರ್ಖಾನೆಯ ಇ.ಎಸ್.ಐ. ಕಾರ್ಡು ಇದ್ದವರಿಗೆ ಸೇಡಂ ರಸ್ತೆಯ ಇ.ಎಸ್.ಐ.ಸಿ. ಆಸ್ಪತ್ರೆಯಲ್ಲಿ ಆ ಒಂದು ಭೇಟಿಗೆ ಪ್ಯಾಕೇಜು ಬೇಕಿಲ್ಲ.

ಕಾಯಬಾರದ ಭುಜಗಳೂ ಇವೆ. ಎಡಭುಜ, ದವಡೆ, ಎದೆ ಒಟ್ಟಿಗೆ ಹಿಡಿದು ಬೆವರು ಬಂದರೆ ಅದು ಭುಜದ್ದಲ್ಲ, ಹೃದಯದ್ದು. ಕಲಬುರಗಿಯಲ್ಲೇ ಜಯದೇವ ಆಸ್ಪತ್ರೆ ಇದೆ, ಆ ಗಳಿಗೆಯೇ ಹೊರಡಬೇಕು. ಜ್ವರ ಬಂದು ಕೀಲು ಕೆಂಪಾಗಿ ಊದಿದರೆ, ಗಂಟು ಕಾಣಿಸಿ ತೂಕ ಇಳಿಯುತ್ತಿದ್ದರೆ ವ್ಯಾಯಾಮ ಮಾಡುತ್ತ ಕೂಡಬಾರದು. ಮತ್ತೆ, ಬಿದ್ದ ದಿನದಿಂದ ಕೈ ಏಳದಿದ್ದರೆ.

ಕಾಕಾನದು ಈ ಕೊನೆಯದು. ಐದು ವಾರದ ಹಿಂದೆ ಕಲ್ಲಿನ ಹಲಗೆ ಇಳಿಸುವಾಗ ಕಾಲು ಜಾರಿ ಬಲಗೈ ಊರಿ ಬಿದ್ದರು. ಅಂದಿನಿಂದ ಕೈ ಎದೆಮಟ್ಟಕ್ಕಿಂತ ಮೇಲೆ ಬರುವುದಿಲ್ಲ. ನನ್ನ ತಮ್ಮ ಹಿಡಿದು ಎತ್ತಿದರೆ ಆರಾಮ ಮೇಲೆ ಹೋಗುತ್ತದೆ. ರೊಟೇಟರ್ ಕಫ್ ಪೂರ್ತಿ ಹರಿದಿದ್ದರೆ ಪಿ.ಆರ್.ಪಿ. ಅದನ್ನು ಹೊಲಿಯುವುದಿಲ್ಲ. ತಿಂಗಳುಗಟ್ಟಲೆ ಬಿಟ್ಟರೆ ಹರಿದ ತುದಿ ಹಿಂದೆ ಸರಿದು, ಸ್ನಾಯು ಕೊಬ್ಬಾಗಿ, ಆಮೇಲೆ ಸರ್ಜನ್‌ಗೂ ಹೊಲಿಯೋದು ಕಷ್ಟ. ಅವ್ವನಿಗೆ ಕಾಯೋದೇ ಮದ್ದಾಗಿತ್ತು. ಕಾಕಾನಿಗೆ ಕಾದಷ್ಟೂ ಲುಕ್ಸಾನು. ಅವರ ಮೊಬೈಲಿನಲ್ಲೂ ‘ಆಪರೇಷನ್ ಇಲ್ಲದೆ’ ಅನ್ನುವ ಅದೇ ಜಾಹೀರಾತು ಇದೆ, ಅದನ್ನೇ ನನಗೆ ಕಳಿಸಿದ್ದರು.

“ತೊಗರಿ ರಾಶಿ ಆಗ್ಲಿ, ಆಮ್ಯಾಲ ನೋಡಮು” ಅಂತ ಎರಡು ಸಾರಿ ಫೋನಿನಲ್ಲಿ ಹೇಳಿದರು. ಮೂರನೇ ಸಾರಿ ರಾಶಿಗೆ ಆಳಿನ ಖರ್ಚು ನನ್ನದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಸೋಮಾರ ಹೋಗಮು” ಅಂದರು. ತಮ್ಮ ಶಹಾಬಾದಿನಿಂದ ಬೆಳಗಿನ ರೈಲಿಗೆ ಅವರನ್ನು ಕರೆದುಕೊಂಡು ಜಿಮ್ಸ್‌ಗೆ ಹೋಗುತ್ತಾನೆ. ಮೊದಲು ಡಾಕ್ಟರು ಮುಟ್ಟಿ ನೋಡಲಿ, ಎಂ.ಆರ್.ಐ. ಬೇಕಂದರೆ ಅದೂ ಆಗಲಿ.